ಬೈಯುವ ಮುಂಚೆ ಅಳೆಯಿರಿ

ಆಟಿ ತಿಂಗಳ ಮಳೆ, ಕಂಬಳಿ ಬಿಟ್ಟು ಏಳಲಾಗದ ಚಳಿ. ಅಂಥ ರಾತ್ರಿಯಲ್ಲಿ ನನ್ನ ತಮ್ಮ ಹಿತ್ತಲಿನ ಡ್ರಮ್ಮಿನಿಂದ ಚೊಂಬು ಚೊಂಬು ತಣ್ಣೀರು ಮೊಗೆದು ಕುಡಿಯುತ್ತಿದ್ದ. ಅವ್ವ ಬಿಸಿನೀರು ಕೊಟ್ಟರೆ ಬೇಡ, ಕೊರೆಯುವ ನೀರೇ ಬೇಕು. ಗಂಟೆಗೊಮ್ಮೆ ಒಂದಕ್ಕೆ ಏಳುತ್ತಿದ್ದ. ಸೋಮವಾರಪೇಟೆ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಹದಿನೈದು ದಿನವೂ ಆಗಿರಲಿಲ್ಲ. ಅದಕ್ಕೂ ಇದಕ್ಕೂ ನಂಟಿರಬಹುದು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಒಂದು ಕ್ಲಿನಿಕ್ಕಿನಲ್ಲಿ ಶುಗರ್ ನೋಡಿ, ನಾರ್ಮಲ್ ಇದೆ, ಸುಮ್ನೆ ಅಭ್ಯಾಸ, ನೀರು ಕಮ್ಮಿ ಮಾಡಿಸಿ ಅಂದರು. ರಾತ್ರಿ ಚೊಂಬು ಎತ್ತಿಟ್ಟವಳು ನಾನೇ. ಬೆಳಿಗ್ಗೆ ಅವನ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಇವತ್ತಿಗೂ ಅದು ಚುಚ್ಚುತ್ತದೆ.

ಮೈಸೂರಿನ ಹಾರ್ಮೋನ್ ಡಾಕ್ಟರು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ಲೀಟರ್ ಮೂತ್ರ ಅಂತ. ಅಳೆದಳೆದು ಕಾಫಿ ಕುಯ್ಲಿನ ಲೆಕ್ಕದ ಪುಸ್ತಕದಲ್ಲಿ ಬರೆದೆ. 24 ಗಂಟೆಗೆ 9 ಲೀಟರ್! ದೊಡ್ಡವರಲ್ಲಿ 3 ಲೀಟರ್ ದಾಟಿದರೇ ಜಾಸ್ತಿ. ಆಮೇಲೆ ಆಸ್ಪತ್ರೆಯಲ್ಲಿ ನೀರು ಕುಡಿಯುವುದನ್ನು ಬಿಡಿಸಿ ಪರೀಕ್ಷೆ (ಮನೆಯಲ್ಲಿ ಯಾರೂ ಮಾಡಬೇಡಿ, ಅಪಾಯ). ಆಗಾಗ ತೂಕ, ಮೂತ್ರ, ರಕ್ತ. ಅವನ ಕಣ್ಣು ಪಕ್ಕದ ಬೆಡ್ಡಿನವರ ಬಾಟಲಿಯ ಮೇಲೆಯೇ. ಒಂದು ತೊಟ್ಟು ಕುಡಿಯದಿದ್ದರೂ ಮೂತ್ರ ಮಾತ್ರ ತಿಳಿನೀರಿನ ಹಾಗೇ ಬರುತ್ತಿತ್ತು. ಡೆಸ್ಮೊಪ್ರೆಸಿನ್ ಇಂಜೆಕ್ಷನ್ ಕೊಟ್ಟ ಮೇಲೆ ಹಳದಿಯಾಯಿತು. ಆ ಹಳದಿ ನೋಡಿ ಅವ್ವ ಅತ್ತುಬಿಟ್ಟಳು.

ನೀರು ಹಿಡಿದಿಟ್ಟುಕೋ ಅಂತ ಮೂತ್ರಪಿಂಡಕ್ಕೆ ಹೇಳುವುದು ಮೆದುಳಿನಿಂದ ಬರುವ ವಾಸೊಪ್ರೆಸಿನ್ ಹಾರ್ಮೋನು. ಪೆಟ್ಟಿನಿಂದ ಅದು ನಿಂತಿತ್ತು. ಅದರ ಕೆಲಸ ಮಾಡುವ ಔಷಧಿಯೇ ಡೆಸ್ಮೊಪ್ರೆಸಿನ್. ಕಾಯಿಲೆಯ ಹಳೆ ಹೆಸರು ಡಯಾಬಿಟಿಸ್ ಇನ್ಸಿಪಿಡಸ್. ಸಕ್ಕರೆಗೂ ಇದಕ್ಕೂ ಸಂಬಂಧವೇ ಇಲ್ಲ. 2022ರಲ್ಲಿ ಇದನ್ನು ಆರ್ಜಿನೈನ್ ವಾಸೊಪ್ರೆಸಿನ್ ಡೆಫಿಶಿಯೆನ್ಸಿ, ಅಂದರೆ ಆ ಹಾರ್ಮೋನಿನ ಕೊರತೆ, ಅಂತ ಬದಲಾಯಿಸಿದರು, ತುಂಬಾ ಒಳ್ಳೆಯದು ಮಾಡಿದರು. ಡಯಾಬಿಟಿಸ್ ಅಂದ ಕೂಡಲೇ ನೆಂಟರು ಪಾಯಸ ತಪ್ಪಿಸುತ್ತಾರೆ, ಅದು ಹೋಗಲಿ, ಆಸ್ಪತ್ರೆಯಲ್ಲಿ ಬರೀ ಶುಗರ್ ನೋಡಿ ಡೆಸ್ಮೊಪ್ರೆಸಿನ್ ತಪ್ಪಿಸಿದರೆ ಜೀವಕ್ಕೇ ಸಂಚಕಾರ ಅಲ್ವಾ?

ಡೆಸ್ಮೊಪ್ರೆಸಿನ್ ಮಾತ್ರೆ ನುಂಗಿ ಬೇಕಾಬಿಟ್ಟಿ ನೀರು ಕುಡಿದರೂ ಕಷ್ಟವೇ. ನೀರು ಹೊರಗೆ ಹೋಗದೆ ರಕ್ತದ ಸೋಡಿಯಂ ಇಳಿಯುತ್ತದೆ. ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೆ ಇರಬೇಕು. ತಲೆನೋವು, ವಾಂತಿ, ಮಂಕು ಕಂಡರೆ ಕಾಯಬಾರದು. ಹಾಗಾಗಿ ಬಾಯಾರಿದಾಗ ಮಾತ್ರ ಕುಡಿಯುತ್ತಾನೆ, ಡಾಕ್ಟರು ಹೇಳಿದಾಗೆಲ್ಲ ರಕ್ತ ಕೊಡುತ್ತಾನೆ. 2018ರಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಮರೆತಿಲ್ಲ, ಜೂನ್‌ಗೆ ಮುಂಚೆಯೇ ಎರಡು ತಿಂಗಳ ಮಾತ್ರೆ ತಂದಿಡುತ್ತೇವೆ. ಅವನ ಪರ್ಸಿನಲ್ಲಿ ನಾನೇ ಬರೆದ ಚೀಟಿ ಇದೆ: ‘ಇದು ಸಕ್ಕರೆ ಕಾಯಿಲೆ ಅಲ್ಲ. ಡೆಸ್ಮೊಪ್ರೆಸಿನ್ ತಪ್ಪಿಸಬೇಡಿ. ಬಾಯಾರಿಕೆ ಅಂದರೆ ನೀರು ಕೊಡಿ.’