ಒಂದೇ ರಿಂಗಿನ ಕತೆ

1998ರಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಅದರ ಹೊಟ್ಟೆಯಲ್ಲಿ ಒಂದು ಫ್ಯಾಕ್ಸ್ ಮೋಡೆಮ್, ಅಂದರೆ ಕಾಗದದ ನಕಲನ್ನು ಫೋನ್ ತಂತಿಯಲ್ಲೇ ಕಳಿಸೋ, ತರಿಸಿಕೊಳ್ಳೋ ಸಲಕರಣೆ. "ಇನ್ಮೇಲೆ ಫ್ಯಾಕ್ಸ್ ಮಾಡೋಕೆ ಬೂತಿಗೆ ಹೋಗೋದೇ ಬೇಡ ಸಾರ್" ಅಂದಿದ್ದ ಅಂಗಡಿಯವನು.

ಕಳಿಸೋದೇನೋ ಸಲೀಸು. ಪ್ರಿಂಟ್ ಕೊಡುವಾಗ ಪ್ರಿಂಟರಿನ ಬದಲು ಫ್ಯಾಕ್ಸ್ ಆರಿಸಿದರೆ ಸಾಕು. ನಮ್ಮ ಪತ್ರ ಗೆರೆಗೆ 1728 ಚುಕ್ಕಿಯಂತೆ ಪುಡಿಯಾಗಿ, ಆ ಚುಕ್ಕಿಯೆಲ್ಲ ಸದ್ದಾಗಿ ಫೋನ್ ತಂತಿ ಹತ್ತುತ್ತಿತ್ತು. ಫಜೀತಿ ಆದದ್ದು ತರಿಸಿಕೊಳ್ಳುವಾಗ.

ಬೆಳಿಗ್ಗೆ ಆಫೀಸಿನದೊಂದು ಕಾಗದ ಬರಬೇಕಿತ್ತು. ಹಿಂದಿನ ರಾತ್ರಿಯೇ ಕೂತು, ಒಂದೇ ರಿಂಗಿಗೆ ಫೋನ್ ಎತ್ತು ಅಂತ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು ಮಲಗಿದೆ. ಮನೆಯಲ್ಲಿದ್ದದ್ದು ಒಂದೇ ಲೈನು ಅನ್ನೋದು ಜಾಣನಿಗೆ ಹೊಳೆಯಲಿಲ್ಲ.

ಆ ಕಾಲದಲ್ಲಿ ರಾತ್ರಿ ಹನ್ನೊಂದಾದ ಮೇಲೆ ಎಸ್‌ಟಿಡಿ, ಅಂದರೆ ದೂರದ ಊರಿನ ಕರೆ, ಅಗ್ಗ ಇತ್ತಲ್ವಾ, ದಾವಣಗೆರೆ ಅತ್ತೆ ಬೂತಿನಲ್ಲಿ ಕ್ಯೂ ನಿಂತು ಫೋನ್ ಮಾಡುತ್ತಿದ್ದದ್ದು ಆಗಲೇ. ಒಂದು ರಿಂಗಾಯಿತು. ಮೋಡೆಮ್ ಟಪ್ಪಂತ ಎತ್ತಿತು. ಎತ್ತಿದ್ದೇ 2100 ಹರ್ಟ್ಸಿನ ಶಿಳ್ಳೆ. ಫ್ಯಾಕ್ಸ್ ಲೋಕದಲ್ಲಿ ಹಲೋ ಅನ್ನೋದು ಹಾಗೆ. ಕರೆದವರೂ ಫ್ಯಾಕ್ಸೇ ಆಗಿದ್ದರೆ ಮೂರು ಮೂರು ಸೆಕೆಂಡ್ ಬಿಟ್ಟು ಕುಂಯ್, ಕುಂಯ್ ಅಂತ ಗುರುತು ಹೇಳಬೇಕು. ನಮ್ಮತ್ತೆ ಕುಂಯ್ ಅನ್ನಲಿಲ್ಲ.

"ಹಲೋ! ಯಾರ್ರೀ ಅದು ಒದರೋದು?"

ದನಿ ಬಂದದ್ದು ಕಂಪ್ಯೂಟರಿನ ಒಳಗಿಂದ! ಆಗಿನ ಮೋಡೆಮ್‌ಗೊಂದು ಪುಟ್ಟ ಸ್ಪೀಕರ್ ಇರುತ್ತಿತ್ತು, ಲೈನಿನಲ್ಲಿ ಆಗೋದು ಅದರಲ್ಲಿ ಕೇಳುತ್ತಿತ್ತು. ಕತ್ತಲಲ್ಲಿ ಎಡವುತ್ತಾ ಹೋಗಿ ಹಾಲಿನ ಫೋನೆತ್ತಿ "ಅತ್ತೇ, ನಾನು!" ಅಂತ ಕೂಗಿದೆ. ಅಷ್ಟರಲ್ಲಿ ಮೋಡೆಮ್ ಕರಕರ ಅಂತ ಎರಡನೇ ಚರಣ ಶುರು ಮಾಡಿತ್ತು.

"ನೀನೇನೋ? ಹಂಗ್ಯಾಕೋ ಗಂಟಲು ಕೆಟ್ಟೈತಿ?"

"ನಾನಲ್ಲ ಅತ್ತೆ, ಕಂಪ್ಯೂಟರು!"

"ಮೀಟರ್ ಓಡ್ತೈತಿ, ಇಲ್ಲಿ ಎಲ್ಲಾರೂ ನನ್ನ ನೋಡಾಕತ್ಯಾರ. ಮೊದಲು ಡಾಕ್ಟ್ರಿಗೆ ತೋರಿಸು!" ಅಂತ ಇಟ್ಟೇಬಿಟ್ಟರು. ಮೋಡೆಮ್ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕರೆದು, ಯಾರೂ ಸಿಗದೆ ಸುಮ್ಮನಾಯಿತು. ನಾನು ಆಗಲೇ ಆ ಒಂದು ರಿಂಗಿನ ಅಪ್ಪಣೆ ತೆಗೆದುಹಾಕಿದೆ.

ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು. ಅಮ್ಮ ಎತ್ತಿದರು, ಕೇಳಿಸಿಕೊಂಡರು, ಇಟ್ಟರು. ಮತ್ತೆ ಬಂತು. ಮತ್ತೆ ಇಟ್ಟರು.

"ಯಾರಮ್ಮಾ?" ಒಳಗಿಂದಲೇ ಕೇಳಿದೆ.

"ನಿಮ್ಮತ್ತೆ ಕಣೋ. ರಾತ್ರೀದು ಸಿಟ್ಟಿನ್ನೂ ಇಳಿದಿಲ್ಲ. ಮಾತೇ ಆಡ್ತಿಲ್ಲ, ಬರೀ ಕುಂಯ್ ಕುಂಯ್ ಅಂತಿದ್ದಾರೆ."