ಒಂಬತ್ತು ಪಾಲಿನ ಊರಿನ ಟೀ

ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಟೀ ಕುಡಿಯುವುದಕ್ಕೆ ನಮಗೆ ಸಿಗುತ್ತಿದ್ದ ಸಮಯವೆಂದರೆ ಮಾರಿಕುಪ್ಪಂ ಗಾಡಿಗೆ ಸಿಗ್ನಲ್ ಬಿದ್ದು ಗಾರ್ಡು ಸೀಟಿ ಊದುವವರೆಗಿನ ಸಮಯ. ಅಷ್ಟರೊಳಗೆ ಲೋಟ ಹಿಡಿದು, ಊದಿ, ನಾಲಿಗೆ ಸುಟ್ಟುಕೊಂಡು, ಚಿಲ್ಲರೆ ಎಣಿಸಿ, ಗಾಡಿ ಹತ್ತಬೇಕು. ಇಂಥ ತರಬೇತಿಯಲ್ಲಿ ಬೆಳೆದ ನಾನು, ತೈವಾನಿನ ಒಂದು ಬೆಟ್ಟದೂರಿನಲ್ಲಿ ಒಂದೇ ಹಿಡಿ ಟೀ ಎಲೆಯ ಮುಂದೆ ಎರಡೂವರೆ ಗಂಟೆ ಕುಳಿತಿದ್ದೆನೆಂದು ಹೇಳಿದರೆ ನಮ್ಮ ಯಜಮಾನರು ಇಂದಿಗೂ ನಂಬುವುದಿಲ್ಲ. ಮಂಡಿ ನೋವಿನಿಂದ ಏಳಲಾಗದೆ ಕುಳಿತಿರಬೇಕೆಂಬುದು ಅವರ ಊಹೆ. ಅದರಲ್ಲಿಯೂ ಸ್ವಲ್ಪ ಸತ್ಯವಿದೆ.

ನನ್ನ ತಂಗಿಯ ಮಗ ಶಿನ್ಚು ಎಂಬ ಪಟ್ಟಣದಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಬೆಂಗಳೂರಿನಿಂದ ಹೋದ ಅವನಂಥ ಹುಡುಗರು ಅಲ್ಲಿ ಸಾಕಷ್ಟಿದ್ದಾರೆ. ಅವನ ಮನೆಗೆ ಹೋಗಿದ್ದಾಗ ಒಂದು ಭಾನುವಾರ, "ದೊಡ್ಡಮ್ಮಾ, ಇವತ್ತು ನಿಮ್ಮನ್ನ ನಮ್ಮೂರಿನಂಥ ಒಂದು ಊರಿಗೆ ಕರ್ಕೊಂಡು ಹೋಗ್ತೀನಿ" ಎಂದು ಬೆಳಿಗ್ಗೆಯೇ ಹೊರಡಿಸಿದ. ತೈಪೆಯಿಂದ ರುಯ್‌ಫಾಂಗ್‌ವರೆಗೆ ರೈಲು, ಅಲ್ಲಿಂದ ಕಾಲು ಗಂಟೆ ಬಸ್ಸು. ಬಸ್ಸು ತಿರುವುಗಳನ್ನು ಏರುತ್ತಿದ್ದಂತೆ ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿಯಲ್ಲಿ ಬೆಟ್ಟ, ಎರಡರ ಮೇಲೂ ಸಮವಾಗಿ ಸುರಿಯುವ ಮಳೆ. ಕೋಲಾರ ಜಿಲ್ಲೆಯವರಿಗೆ ಇದರಲ್ಲಿ ನಮ್ಮೂರಿನಂಥದ್ದು ಏನಿದೆಯೆಂದು ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ಧೂಳು ಬರುತ್ತದೆ. ಇಲ್ಲಿ ಚಳಿಗಾಲದುದ್ದಕ್ಕೂ ಈಶಾನ್ಯ ಮಾರುತವು ಸಮುದ್ರದ ತೇವವನ್ನೆಲ್ಲ ಹೊತ್ತು ತಂದು ಈ ಗುಡ್ಡಗಳಿಗೆ ಅಪ್ಪಳಿಸುತ್ತದೆ, ಹತ್ತಿರದ ಕೀಲುಂಗ್‌ಗೆ ಮಳೆಯ ಬಂದರೆಂದೇ ಅಡ್ಡಹೆಸರು ಬಿದ್ದಿದೆ, ಮನೆಗಳ ಮಾಡಿಗೆಲ್ಲ ಟಾರಿನ ಕಪ್ಪು ಹೊದಿಕೆ.

ನಾವು ಹೋದ ಆ ಊರಿನ ಹೆಸರು ಜಿಯೋಫೆನ್. ಹಾಗೆಂದರೆ ಒಂಬತ್ತು ಪಾಲು. ಮೊದಲು ಇಲ್ಲಿ ಒಂಬತ್ತೇ ಮನೆಗಳಿದ್ದುವಂತೆ. ಕಡಲ ದಾರಿಯಲ್ಲಿ ಸಾಮಾನು ತರಿಸುವಾಗ ಉಪ್ಪಾಗಲಿ ಎಣ್ಣೆಯಾಗಲಿ ಒಂಬತ್ತು ಪಾಲು ಕಳುಹಿಸಿ ಎನ್ನುತ್ತಿದ್ದರಂತೆ. ಕೊನೆಗೆ ಅದೇ ಊರಿನ ಹೆಸರಾಯಿತಂತೆ. ಇಷ್ಟೊಂದು 'ಅಂತೆ'ಗಳಿರುವ ಕಥೆಯನ್ನು ಪರೀಕ್ಷಿಸಲು ಹೋಗಬಾರದು. ಮುಂದಿನದಕ್ಕೆ ಇಸವಿಗಳಿವೆ. 1890ರಲ್ಲಿ ಕೀಲುಂಗ್ ನದಿಗೆ ರೈಲ್ವೆ ಸೇತುವೆ ಕಟ್ಟುತ್ತಿದ್ದ ಕೆಲಸಗಾರರಿಗೆ ಮರಳಿನಲ್ಲಿ ಚಿನ್ನದ ಕಣಗಳು ಕಂಡವು. ಜನ ಮರಳು ಜಾಲಿಸುತ್ತ, ಕಣ ಬಂದ ದಾರಿಯನ್ನೇ ಹಿಡಿದು, ಹೊಳೆಯ ಮೇಲ್ಮುಖವಾಗಿ ನಡೆದು, 1893ರ ಹೊತ್ತಿಗೆ ಈ ಊರಿನ ನೆತ್ತಿಯ ಮೇಲಿನ ಗುಡ್ಡಕ್ಕೆ ಬಂದು ನಿಂತರು. ಎರಡು ವರ್ಷ ಕಳೆಯುವುದರೊಳಗೆ ದ್ವೀಪವೇ ಜಪಾನಿನ ಪಾಲಾಯಿತು. ಗಣಿಯ ಹಕ್ಕು ಜಪಾನೀ ಕಂಪನಿಗೆ ಹೋಗಿ, ಆಮೇಲೆ ಸ್ಥಳೀಯ ಯೆನ್ ಮನೆತನದ ಕೈಗೆ ಬಂತು. ಒಂಬತ್ತು ಪಾಲಿನ ಊರು ಸಾವಿರಾರು ಜನರ ಪಟ್ಟಣವಾಗಿ, ರಾತ್ರಿಯಿಡೀ ದೀಪ ಉರಿಯುವ 'ಪುಟ್ಟ ಹಾಂಗ್‌ಕಾಂಗ್' ಎನಿಸಿಕೊಂಡಿತು.

ಅಲ್ಲಿಗೆ ಬಂದಾಗ ತಂಗಿಯ ಮಗನ ಮಾತು ನನಗೆ ತಿಳಿಯಿತು. ನಮ್ಮ ಕೆ.ಜಿ.ಎಫ್.ಗೂ ಒಂದು ಕಾಲದಲ್ಲಿ 'ಪುಟ್ಟ ಇಂಗ್ಲೆಂಡ್' ಎಂಬ ಹೆಸರಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂದು, ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಬಂದು, ಕ್ಲಬ್ಬು ಬಂಗಲೆಗಳೆಲ್ಲ ಬಂದು, 2001ರಲ್ಲಿ ಗಣಿ ಮುಚ್ಚಿತು. ಇವರ ಗಣಿ 1971ರಲ್ಲಿಯೇ ಮುಚ್ಚಿತು. ನೆಲದಡಿಯಲ್ಲಿ ಚಿನ್ನವಿರುವ ಊರುಗಳಿಗೆ ದೂರದ ಯಾವುದೋ ದೊಡ್ಡ ಊರಿನ ಹೆಸರಿನ ಮುಂದೆ 'ಪುಟ್ಟ' ಸೇರಿಸಿ ಕರೆಯುವುದು ಜಗತ್ತಿನ ವಾಡಿಕೆಯಿರಬೇಕು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ಕೂಲಿಯವನು ಎಷ್ಟು ಆಳಕ್ಕಿಳಿದರೂ ಅವನದು ಕಂಪನಿಯ ಸಂಬಳವೇ. ಇಲ್ಲಿ ಗಣಿಯನ್ನು ತುಂಡು ತುಂಡಾಗಿ ಗುತ್ತಿಗೆಗೆ, ಗುತ್ತಿಗೆಯನ್ನು ಒಳಗುತ್ತಿಗೆಗೆ ಕೊಡುತ್ತಿದ್ದುದರಿಂದ, ಬೆಳಿಗ್ಗೆ ಸಾಲಗಾರನಾಗಿ ಸುರಂಗ ಹೊಕ್ಕವನು ಸಂಜೆ ಸಾಹುಕಾರನಾಗಿ ಹೊರಬರುವ ಆಸೆಯಾದರೂ ಇರುತ್ತಿತ್ತು. ಹಾಗೆ ಹೊರಬಂದವನು ಸಾವಧಾನವಾಗಿ ಕುಳಿತು ಟೀ ಕುಡಿಯುತ್ತಿದ್ದನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನು ಹೋಗುತ್ತಿದ್ದುದು ಹೆಂಡದ ಮನೆಗೆ.

ಇಂದು ಜಿಯೋಫೆನ್ ಎಂದರೆ ಸಾಂಪ್ರದಾಯಿಕ ಟೀ ಮನೆಗಳ ಊರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಸಂಪ್ರದಾಯಕ್ಕೆ ನನ್ನ ತಂಗಿಯ ಮಗನಷ್ಟೇ ವಯಸ್ಸು. ಗಣಿ ಮುಚ್ಚಿ, ಯುವಕರು ಹೊರಟುಹೋಗಿ, ಮುದುಕರೂ ಬೆಕ್ಕುಗಳೂ ಉಳಿದಿದ್ದ ಈ ಊರಿನಲ್ಲಿ ಹೌ ಶ್ಯಾವೊಶಿಯೆನ್ ಎಂಬ ನಿರ್ದೇಶಕರು 1989ರ ತಮ್ಮ ಚಿತ್ರವೊಂದನ್ನು ತೆಗೆದರು. ಅದಕ್ಕೆ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಬಂತು. ಗಣಿಯ ಚಿನ್ನ ತೀರಿದ್ದ ಊರಿಗೆ ಹೀಗೆ ಇನ್ನೊಂದು ಬಗೆಯ ಚಿನ್ನ ಸಿಕ್ಕಿತು. ಚಿತ್ರ ನೋಡಿದವರು ಊರು ನೋಡಲು ಬಂದರು. ಬಂದವರಿಗೆ ಮಳೆಯಲ್ಲಿ ಕೂರಲು ಜಾಗ ಬೇಕಾಯಿತು. 1990ರ ದಶಕದ ಆರಂಭದಲ್ಲಿ ಹಳೆಯ ಮನೆಗಳನ್ನು ರಿಪೇರಿ ಮಾಡಿ ಟೀ ಮನೆಗಳನ್ನು ತೆರೆದರು. ಈ ಗುಡ್ಡಗಳಲ್ಲಿ ಟೀ ತೋಟವನ್ನು ಹುಡುಕಿದರೆ ನಿರಾಸೆಯಾದೀತು. ಕುಡಿಯುವ ಎಲೆಯೆಲ್ಲ ಅಲಿಶಾನ್, ಡೊಂಗ್‌ಡಿಂಗ್ ಮುಂತಾದ ದೂರದ ಬೆಟ್ಟಗಳದು. ಇದನ್ನು ದೂರಾಗಿ ಹೇಳುತ್ತಿಲ್ಲ. ಮನೆ ಹಳೆಯದು, ಟೀ ಹಳೆಯದು. ಎರಡನ್ನೂ ಒಂದೆಡೆ ಕೂರಿಸಿದ್ದು ಮಾತ್ರ ಹೊಸತು. ನಮ್ಮ ಎಷ್ಟೋ ಮದುವೆ ಶಾಸ್ತ್ರಗಳ ಜಾತಕವೂ ಹೀಗೆಯೇ ಇದೆ.

ಬಸ್ಸಿಳಿದು ಜಿಶಾನ್ ಬೀದಿಯನ್ನು ಹೊಕ್ಕರೆ ಕೊಡೆಗಳ ತುದಿ ಕಣ್ಣಿಗೆ ಚುಚ್ಚದಂತೆ ನಡೆಯುವುದೇ ಒಂದು ವಿದ್ಯೆ. ಹುದುಗಿಸಿದ ತೋಫುವಿನ ಅಂಗಡಿಯನ್ನು ಮೂಗು ಮುಚ್ಚಿಕೊಂಡು ದಾಟಿದೆ. ಕೆಸುವಿನ ಗಡ್ಡೆಯ ಉಂಡೆಗಳನ್ನು ಸಿಹಿ ಪಾಕದಲ್ಲಿ ತೇಲಿಸಿ ಕೊಡುವ ಅಂಗಡಿಯಲ್ಲಿ ನಿಂತೆ. ಹುಳಿಗೆ, ಹೆಚ್ಚೆಂದರೆ ಬಾಣಲೆಗೆ ಹೋಗಬೇಕಾದ ಗಡ್ಡೆ ಪಾಯಸಕ್ಕೆ ಹೋದದ್ದನ್ನು ನಾಲಿಗೆ ಎರಡನೆಯ ಚಮಚದಲ್ಲಿ ಒಪ್ಪಿಕೊಂಡಿತು. ಇನ್ನೊಂದೆಡೆ ದೊಡ್ಡ ಇಟ್ಟಿಗೆಯಷ್ಟಿದ್ದ ಕಡಲೆಕಾಯಿ ಚಿಕ್ಕಿಯನ್ನು ಹೆಂಗಸೊಬ್ಬಳು ಬಡಗಿಯ ಉಜ್ಜುಗೊರಡಿನಂಥದರಿಂದ ಹೆರೆದು, ತೆಳು ದೋಸೆಯ ಮೇಲೆ ಉದುರಿಸಿ, ಐಸ್‌ಕ್ರೀಮ್ ಇಟ್ಟು, ಅದರ ಮೇಲೆ ಕೊತ್ತಂಬರಿ ಸೊಪ್ಪು ಹಾಕಿ ಸುತ್ತಿಕೊಡುತ್ತಿದ್ದಳು. ಐಸ್‌ಕ್ರೀಮಿಗೆ ಕೊತ್ತಂಬರಿ ಸೊಪ್ಪು! ಒಗ್ಗರಣೆಯೊಂದು ಬಾಕಿ.

ಬೀದಿಯನ್ನು ಅಡ್ಡ ಸೀಳಿಕೊಂಡು ಶೂಚಿ ರಸ್ತೆ ಇಳಿಯುತ್ತದೆ. ಹೆಸರಿಗೆ ರಸ್ತೆ, ಇರುವುದು ಮುನ್ನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು. ಎರಡೂ ಬದಿ ಕೆಂಪು ಗೂಡುದೀಪ. ಜಪಾನಿನ ಪ್ರಸಿದ್ಧ ಅನಿಮೇಷನ್ ಚಿತ್ರವೊಂದರ ಊರು ಇದೇ ಎಂದು ನಂಬಿದ ಜನ ಇಲ್ಲಿ ಫೋಟೋಗೆ ಸಾಲು ನಿಲ್ಲುತ್ತಾರೆ. ಆ ಚಿತ್ರದ ನಿರ್ದೇಶಕರೇ ಅದನ್ನು ಅಲ್ಲಗಳೆದಿದ್ದಾರೆ. ಸಾಲೇನೂ ಕರಗಿಲ್ಲ.

ನಾವು ಹೊಕ್ಕ ಟೀ ಮನೆಯ ಕಿಟಕಿಯಿಂದ ಕೀಲುಂಗ್ ಬೆಟ್ಟ ಕಾಣುತ್ತಿತ್ತು. 588 ಮೀಟರಿನ ಈ ಬೆಟ್ಟದ ಗೆರೆಯಲ್ಲಿ ಮಲಗಿರುವ ತುಂಬು ಬಸುರಿಯೊಬ್ಬಳನ್ನು ಊರಿನವರು ಕಂಡಿದ್ದಾರೆ. ನಾನು ಕಂಡಾಗ ಅವಳು ಮೋಡದ ಕಂಬಳಿ ಹೊದ್ದಿದ್ದಳು. ಪಟ್ಟಿಯಲ್ಲಿ ಮೊದಲು ಎಲೆಯ ಪೊಟ್ಟಣಕ್ಕೆ ಬೆಲೆಯಿತ್ತು. ಅದರ ಕೆಳಗೆ ಬಿಸಿನೀರಿಗೆ, ತಲೆಗೆ ಇಷ್ಟೆಂದು, ಪ್ರತ್ಯೇಕ ದರವಿತ್ತು. ಹೊರಗೆ ಆಕಾಶ ಬಿಟ್ಟಿಯಾಗಿ ಸುರಿಸುತ್ತಿರುವ ನೀರಿಗೆ ಒಳಗೆ ತಲೆಗಂದಾಯ! "ನೀರಿಗಲ್ಲ ದೊಡ್ಡಮ್ಮಾ, ಕೂರೋ ಜಾಗಕ್ಕೆ" ಎಂದ ಹುಡುಗ. ಎಷ್ಟು ಹೊತ್ತು ಕೂರಬಹುದೆಂದು ಕೇಳಿದೆ. ಎಲೆ ಬಣ್ಣ ಬಿಡುವವರೆಗೆ ಎಂದ. ಹಾಗಾದರೆ ಹಣ ವಸೂಲಿ ಮಾಡಿಯೇ ಏಳುವುದೆಂದು ನಾನು ನಿಶ್ಚಯಿಸಿದೆ.

ಮೇಜಿನ ಪಕ್ಕದಲ್ಲಿ ಇದ್ದಿಲ ಒಲೆ, ಅದರ ಮೇಲೆ ಸದ್ದು ಮಾಡುವ ಕೆಟ್ಲು. ಮೇಜಿನ ಮೇಲೆ ಮಕ್ಕಳ ಅಡುಗೆಯಾಟದ್ದೆನಿಸುವಷ್ಟು ಚಿಕ್ಕ ಮಣ್ಣಿನ ಪಾತ್ರೆ, ಹೆಬ್ಬೆರಳಿನಷ್ಟು ಬಟ್ಟಲುಗಳು. ಹುಡುಗಿಯೊಬ್ಬಳು ಬಂದು ಪಾತ್ರೆಗೆ ಬಿಸಿನೀರು ತುಂಬಿ, ಬೆಚ್ಚಗಾದ ಮೇಲೆ ಚೆಲ್ಲಿ, ಮೆಣಸಿನ ಕಾಳಿನಂತೆ ಉರುಟಾಗಿದ್ದ ಊಲಾಂಗ್ ಎಲೆ ಹಾಕಿ, ನೀರೆರೆದು, ಕಣ್ಣು ಮಿಟುಕಿಸುವುದರೊಳಗೆ ಅದನ್ನೂ ಚೆಲ್ಲಿಬಿಟ್ಟಳು. ನಾನು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಟೀ ಹರಿದುಹೋಗಿತ್ತು. ಮೊದಲ ನೀರು ಎಲೆಯನ್ನು ಎಬ್ಬಿಸಲಿಕ್ಕಂತೆ, ಕುಡಿಯಲಿಕ್ಕಲ್ಲವಂತೆ. ಎರಡನೆಯ ಸಲ ಎರೆದ ನೀರನ್ನು ಒಂದು ಜಗ್ಗಿಗೆ ಬಸಿದು, ಎಲ್ಲರಿಗೂ ಒಂದೇ ಹದ ಬರಲೆಂದು ಅಲ್ಲಿಂದ ಬಟ್ಟಲುಗಳಿಗೆ ಹಂಚಿದಳು. ಮೊದಲು ಉದ್ದನೆಯ ಒಂದು ಬಟ್ಟಲಿನಲ್ಲಿ ಹಾಕಿ, ಅದನ್ನು ಖಾಲಿ ಮಾಡಿ, ಖಾಲಿ ಬಟ್ಟಲನ್ನು ಮೂಸಲು ಹೇಳಿದಳು. ಕುಡಿಯುವ ಮುನ್ನ ಖಾಲಿ ಲೋಟ ಮೂಸುವವರನ್ನು ನಮ್ಮ ಕಡೆ ಬೇರೆ ಅರ್ಥದಲ್ಲಿ ನೋಡುತ್ತಾರೆ; ಆದರೂ ಮೂಸಿದೆ. ಕಾಡಿನಲ್ಲಿ ಎಲ್ಲೋ ಅರಳಿದ ಹೂವಿನ ವಾಸನೆ, ತುಪ್ಪ ಕಾಯಿಸಿದ ಮನೆಯ ಮುಂದೆ ಹಾದುಹೋದಂತೆ, ಬಂದು ಹೋಯಿತು.

ಹಾಲಿಲ್ಲ, ಸಕ್ಕರೆಯಿಲ್ಲ, ಶುಂಠಿ ಏಲಕ್ಕಿಯ ಮಾತಂತೂ ಇಲ್ಲವೇ ಇಲ್ಲ. ಮೊದಲ ಗುಟುಕಿಗೆ ಬಿಸಿನೀರೆನಿಸಿತು. ಮೂರನೆಯ ಸಲ ನೀರೆರೆದಾಗ ಒಂದು ವಿಚಿತ್ರ ನಡೆಯಿತು: ನುಂಗಿ ಸ್ವಲ್ಪ ಹೊತ್ತಾದ ಮೇಲೆ, ಬಾಯಲ್ಲಿ ಏನೂ ಇಲ್ಲದಿರುವಾಗ, ಗಂಟಲಿನಿಂದ ಸಿಹಿ ಹಿಂತಿರುಗಿ ಬಂತು. ಇದಕ್ಕೆ ಅವರಲ್ಲಿ 'ಹುಯ್‌ಗಾನ್' ಎಂಬ ಪದವಿದೆ, ಮರಳಿ ಬರುವ ಸಿಹಿ ಎಂದರ್ಥವೆಂದು ಹುಡುಗ ವಿವರಿಸಲು ಹೊರಟ. ನನಗೆ ವಿವರಣೆ ಬೇಕಿರಲಿಲ್ಲ. ಶಾಲೆಗೆ ಹೋಗುವಾಗ ಬೆಟ್ಟದ ನೆಲ್ಲಿಕಾಯಿ ಕಚ್ಚಿ ಕೊಳಾಯಿ ನೀರು ಕುಡಿದವರಿಗೆಲ್ಲ ಅದು ಗೊತ್ತು.

ನಾಲ್ಕು, ಐದು, ಆರು. ಪ್ರತಿ ಸಲವೂ ಎಲೆ ಇನ್ನಷ್ಟು ಬಿಚ್ಚಿಕೊಂಡು ಕೊನೆಗೆ ಮುಚ್ಚಳವನ್ನೇ ಎತ್ತಿತು. ತೆಗೆದು ನೋಡಿದರೆ ತೊಟ್ಟಿನ ಸಮೇತ ಇಡೀ ಎಲೆಗಳು. ನಮ್ಮ ಡಬ್ಬಿಗಳಲ್ಲಿ ಬರುವ ಪುಡಿಯನ್ನು ಕಂಡವರಿಗೆ ಟೀಗೆ ಎಲೆಯೆಂಬುದಿದೆ ಎನ್ನುವುದೇ ಒಂದು ಸುದ್ದಿ. ಬಟ್ಟಲು ತೆಗೆಯಲು ಬಂದ ಅಜ್ಜಿ ನನ್ನನ್ನು ಏನೋ ಕೇಳಿದಳು. ನನ್ನ ಕಿವಿಗೆ ಬಿದ್ದದ್ದು "ತೇ" ಎಂಬ ಒಂದೇ ಪದ. ಸರ್ಕಾರಿ ಮ್ಯಾಂಡರಿನ್‌ನಲ್ಲಿ ಇದು 'ಚಾ'. ಇವರ ಮನೆಮಾತಾದ ಹೊಕ್ಕಿಯನ್‌ನಲ್ಲಿ 'ತೇ'. ಈ ತೇ ಡಚ್ಚರ ಹಡಗು ಹತ್ತಿ ಯೂರೋಪಿಗೆ ಹೋಗಿ, ಇಂಗ್ಲಿಷರ ಬಾಯಲ್ಲಿ ಟೀ ಆಗಿ ಬಂಗಾರಪೇಟೆಗೆ ಬಂತು. ಆ ಚಾ ಬೇರೆ ದಾರಿ ಹಿಡಿದು ಧಾರವಾಡದವರ ಚಹಾ ಆಯಿತು. ಧಾರವಾಡದ ನನ್ನ ಬೀಗಿತಿ ನಮ್ಮ 'ಟೀ'ಯನ್ನು ಇಂಗ್ಲಿಷ್ ಸೋಗೆಂದು ಆಡಿಕೊಳ್ಳುವುದುಂಟು. ಅವರಿಗೆ ಹೇಳಲು ಒಂದು ಉತ್ತರ ಸಿಕ್ಕಿದ್ದಕ್ಕೇ ಬಿಸಿನೀರಿನ ಕಂದಾಯ ತೀರಿತು.

ಎಂಟನೆಯ ಸಲಕ್ಕೆ ಎಲೆ ಸೋತಿತು. ಹೊರಗೆ ದೀಪ ಹೊತ್ತಿಕೊಂಡು, ಒದ್ದೆ ಮೆಟ್ಟಿಲುಗಳೆಲ್ಲ ಕೆಂಪಾಗಿದ್ದುವು. ಬಸ್ಸಿನ ಸಾಲು ಮುಂದಿನ ತಿರುವಿನವರೆಗೂ ಇತ್ತು. ಪೊಟ್ಟಣದಲ್ಲಿ ಉಳಿದ ಎಲೆಯನ್ನು ಆ ಹುಡುಗಿ ಕಟ್ಟಿಕೊಟ್ಟಿದ್ದಳು; ಅದನ್ನು ಮಳೆಗೆ ನೆನೆಯದಂತೆ ಸೆರಗಿನೊಳಗಿಟ್ಟುಕೊಂಡು ನಿಂತೆ.

ಊರಿಗೆ ಬಂದ ಮರುದಿನ ನಾನೇಳುವ ಮೊದಲೇ ನಮ್ಮ ಯಜಮಾನರು ಆ ಪೊಟ್ಟಣವನ್ನು ಪತ್ತೆಹಚ್ಚಿ, ಶುಂಠಿ ಜಜ್ಜಿ, ಅರ್ಧ ಲೀಟರು ಹಾಲಿನಲ್ಲಿ ಕುದಿಸಿ, ಎರಡು ಲೋಟಕ್ಕೆ ಸೋಸಿಕೊಂಡು ಬಂದರು. ಅವರು ಮೂವತ್ತು ವರ್ಷ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಊರಿನ ಕಥೆಯನ್ನೆಲ್ಲ ಕೇಳಿದ ಮೇಲೆ, "ಅಲ್ಲಾ, ಗಣಿ ಮುಚ್ಚಿದ ಮೇಲೆ ಅಲ್ಲಿ ಜನ ಬದುಕಿಗೆ ಏನು ಮಾಡ್ತಾರೆ?" ಎಂದು ಕೇಳಿದರು.

"ಟೀ ಮಾರ್ತಾರೆ" ಎಂದೆ.

ಅವರು ಒಂದು ಗುಟುಕು ಕುಡಿದು, ಲೋಟದೊಳಗೆ ಸ್ವಲ್ಪ ಹೊತ್ತು ನೋಡಿ, "ಈ ಟೀನಾ?" ಎಂದರು.