ಬರ ಬಂದ್ರೆ ಎಣ್ಣೆ ಜಾಸ್ತಿಯಂತೆ, ಕೇಳ್ರಪ್ಪಾ

ಬೆಳಗ್ಗೆಯಿಂದ ತಲೆ ಕೆಟ್ಟೋಗಿದೆ. ಯಾರೋ ಪುಣ್ಯಾತ್ಮ ಸುಗಂಧದ ಎಣ್ಣೆ ತೆಗೆಯೋ ಲೆಮನ್‌ಗ್ರಾಸ್ ಹುಲ್ಲಿನ ಹೊಲದಲ್ಲಿ ನಿಂತ್ಕೊಂಡು (ಕಾಲ್ಹತ್ರ ಡ್ರಿಪ್ ಪೈಪು ಎದ್ದು ಕಾಣ್ತಿದೆ, ಅದಿರ್ಲಿ) "ನೀರು ಕಮ್ಮಿ ಆದಷ್ಟೂ ಎಣ್ಣೆ ಜಾಸ್ತಿ, ಬರವೇ ರೈತರಿಗೆ ವರ" ಅಂತ ರೀಲ್ಸ್ ಬಿಟ್ಟಿದಾನೆ. ನಮ್ಮ ಹೋಬಳಿ ಗ್ರೂಪಲ್ಲಿ ಅದನ್ನ ಹಾಕಿದ್ದೇ ಹಾಕಿದ್ದು, ಜೊತೆಗೆ ನಂಗೆ ಟ್ಯಾಗು ಬೇರೆ, "ಏನಣ್ಣಾ ನಿಜಾನಾ" ಅಂತ.

ಜಾಸ್ತಿ ಆಗೋದು ಪರ್ಸೆಂಟು ಕಣ್ರೀ, ಎಣ್ಣೆ ಅಲ್ಲ! ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ನೀರು ಸರಿಯಾಗಿ ಸಿಕ್ಕಿದ ಕೊಯ್ಲಲ್ಲಿ ಎಕರೆಗೆ 4 ಟನ್ ಹಸಿ ಹುಲ್ಲು, 0.4 ಪರ್ಸೆಂಟ್ ಎಣ್ಣೆ, ಅಂದ್ರೆ 16 ಕೆಜಿ. ಬರದಲ್ಲಿ ಹುಲ್ಲು 2 ಟನ್ನಿಗೆ ಇಳೀತು, ಪರ್ಸೆಂಟು 0.5ಕ್ಕೆ ಏರ್ತು, ಕೈಗೆ ಬಂದಿದ್ದು 10 ಕೆಜಿ. ವರ ಎಲ್ಲಿದೆ ಇದ್ರಲ್ಲಿ? ಯಾವ ಅಂಗಡಿಯೋನೂ ಪರ್ಸೆಂಟಿಗೆ ಅಕ್ಕಿ ಕೊಡಲ್ಲ.

ಪರ್ಸೆಂಟು ಯಾಕೆ ಏರುತ್ತೆ ಅಂತೀರಾ? ತುಳಸಿ ಎಲೆ ಒಂದು ಲೆನ್ಸಲ್ಲಿ ನೋಡಿ, ಮೇಲೆ ಸಣ್ಣ ಸಣ್ಣ ಮಣಿ ಥರ ಗ್ರಂಥಿಗಳಿರ್ತವೆ, ಎಣ್ಣೆ ಇರೋದೇ ಅದ್ರೊಳಗೆ. ನೀರಿಲ್ದೆ ಎಲೆ ಚಿಕ್ಕದಾದ್ರೆ ಆ ಗ್ರಂಥಿಗಳು ಒತ್ತೊತ್ತಾಗಿ ಕಾಣ್ತವೆ. ಎಲೆ ಚಿಕ್ಕದಾಗಿದೆ ಅಷ್ಟೇ, ಗಿಡದ ಒಟ್ಟು ಎಣ್ಣೆ ಏರಿಲ್ಲ. ಬೆಳೆಯೋಕೆ ಆಗ್ದೆ ಇದ್ದಾಗ ಗಿಡ ತನ್ನ ಸಕ್ಕರೆನ ರಕ್ಷಣೆಗೆ ಬೇಕಾದ ವಾಸನೆ ಪದಾರ್ಥದ ಕಡೆ ತಿರುಗಿಸುತ್ತೆ ಅನ್ನೋದೂ ಸತ್ಯಾನೇ, ಆದ್ರೆ ಅದೆಲ್ಲ ಸ್ವಲ್ಪ ಬರಕ್ಕೆ. ಬರ ಜೋರಾದ್ರೆ ಸಕ್ಕರೆ ಮಾಡೋಕೇ ಗತಿ ಇರಲ್ಲ, ತಿರುಗಿಸೋದೇನು ಮಣ್ಣು?

"ದವನಕ್ಕೆ ಒಣ ಹವೆ ಒಳ್ಳೇದಲ್ವಾ" ಅಂತ ಒಬ್ರು ಮೇಷ್ಟ್ರು ಕೇಳಿದಾರೆ. ಹೌದು ಸಾರ್, ಹೂ ಬಿಟ್ಟಾಗ ಮಳೆ ಬಂದ್ರೆ ದವನ ಕೆಟ್ಟಂಗೇ. ಆದ್ರೆ ಬೆಳೆದು ನಿಂತ ಗಿಡಕ್ಕೆ ಕೊಯ್ಲಿನ ಮುಂಚೆ ನೀರು ನಿಲ್ಸೋದು ಬೇರೆ, ಬೋರ್ ಬತ್ತಿ ನಾಟಿ ಮಾಡಿದ್ದೇ ಒಣಗೋದು ಬೇರೆ. ಒಂದು ನಾವು ಮಾಡೋದು, ಇನ್ನೊಂದು ನಮಗೆ ಆಗೋದು. ಇಷ್ಟೂ ಗೊತ್ತಾಗಲ್ವಾ.

2023ರಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡ್ತಲ್ಲ, ಆ ವರ್ಷ ಆವಿ ಹಾಯಿಸಿ ಎಣ್ಣೆ ತೆಗೆಯೋ ನಮ್ಮ ಬಟ್ಟಿಗೆ ಬಂದ ಹುಲ್ಲು ನೋಡ್ಬೇಕಿತ್ತು ಈ ರೀಲ್ಸ್‌ನವ್ನು. ಗರಿ ಸುರುಳಿ ಸುತ್ಕೊಂಡು, ತುದಿ ಕೆಂಪಗೆ ಒಣಗಿ, ಬುಡದಲ್ಲಿ ಹೊಸ ತೆಂಡೆನೇ ಹೊಡೆದಿಲ್ಲ. ಟ್ಯಾಂಕಿಗೆ ಹುಲ್ಲು ಅರ್ಧವೇ ತುಂಬಿದ್ರೂ ಬಾಯ್ಲರ್ ಕಾಯಿಸ್ಲೇಬೇಕು, ಸೌದೆ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತೆ. ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ಆವಿ ತಣಿಸಿ ಎಣ್ಣೆ ಇಳಿಸೋ ಕಂಡೆನ್ಸರ್‌ಗೂ ನೀರು ಬೇಕು! ತೊಟ್ಟಿ ನೀರು ತಿರುಗಿ ತಿರುಗಿ ಬಿಸಿ ಆಗಿಬಿಟ್ರೆ ಆವಿ ಸರಿಯಾಗಿ ತಣಿಯಲ್ಲ, ಇರೋ ಎಣ್ಣೆನೂ ಗಾಳಿಗೆ. ಶೆಡ್ಡೆಲ್ಲಾ ಘಮಘಮ, ಕ್ಯಾನ್ ಖಾಲಿ.

ಈ ಬೆಳೆಗಳನ್ನ ಬೈತಿಲ್ಲ ನಾನು. 2017ರಲ್ಲಿ ಇಂಥ ಸುಗಂಧ ಬೆಳೆ ಬೆಳೆಸೋಕೆ ಅಂತ ಕೇಂದ್ರದ ಅರೋಮಾ ಮಿಷನ್ ಯೋಜನೆ ಶುರುವಾಗಿದ್ದು ಒಳ್ಳೇದೇ ಆಯ್ತು, ಲೆಮನ್‌ಗ್ರಾಸ್ ಬರ ತಡ್ಕೊಳುತ್ತೆ, ಮಳೆ ಬಂದ್ರೆ ಮತ್ತೆ ಚಿಗುರುತ್ತೆ, ದನ ಮುಟ್ಟಲ್ಲ. ಆದ್ರೆ ತಡ್ಕೊಳುತ್ತೆ ಅಂದ್ರೆ ಸಾಯಲ್ಲ ಅಂತ, ದುಡ್ಡು ಕೊಡುತ್ತೆ ಅಂತಲ್ಲ. ಇದನ್ನ ಸಸಿ ಮಾರೋನು ಹೇಳಲ್ಲ, ಅವನ ವ್ಯಾಪಾರ ನಾಟಿ ದಿನವೇ ಮುಗೀತು. (ಆ ರೀಲ್ಸ್‌ನವನ ಡ್ರಿಪ್ ಸೆಟ್ ನೋಡಿ ಸ್ವಲ್ಪ ಹೊಟ್ಟೆನೂ ಉರೀತು, ಸುಳ್ಳ್ಯಾಕೆ.)

ಇನ್ಮೇಲೆ ಯಾರಾದ್ರೂ "ಎಣ್ಣೆ ಜಾಸ್ತಿ" ಅಂದ್ರೆ ಎಕರೆಗೆ ಎಷ್ಟು ಕೆಜಿ ಅಂತ ಕೇಳಿ. ಬರೀ ಪರ್ಸೆಂಟ್ ಹೇಳಿದ್ರೆ ಎದ್ದು ಬನ್ನಿ. ಸಸಿ ಮಾರೋರು ಕಾಮೆಂಟಲ್ಲಿ ನಂಬರ್ ಹಾಕ್ಬೇಡಿ, ಡಿಲೀಟ್ ಮಾಡ್ತೀನಿ.